ಶಾಂತಿಸಭೆಯ ಚಹಾ ಮತ್ತು ಠಾಣೆಯ ಹೊಸ್ತಿಲು

ಬಕ್ರೀದ್ ಹತ್ತಿರ ಬಂತೆಂದರೆ, ಗಣೇಶ ಚತುರ್ಥಿ ಹತ್ತಿರ ಬಂತೆಂದರೆ ನಮ್ಮ ಊರೂರಿನ ಪೊಲೀಸ್ ಠಾಣೆಗಳಲ್ಲಿ ಶಾಂತಿಸಭೆ ನಡೆಯುತ್ತದೆ. ಮಸೀದಿ ಕಮಿಟಿಯ ಅಧ್ಯಕ್ಷರು ಬರುತ್ತಾರೆ. ಗಣೇಶೋತ್ಸವ ಸಮಿತಿಯ ಅಧ್ಯಕ್ಷರು ಬರುತ್ತಾರೆ. ಪುರಸಭೆಯ ಇಬ್ಬರು ಹಾಲಿ ಸದಸ್ಯರು, ಮುಂದಿನ ಚುನಾವಣೆಗೆ ನಿಲ್ಲಲಿರುವ ಒಬ್ಬ ಮಾಜಿ ಸದಸ್ಯ, ಪೇಟೆಯ ನಾಲ್ಕು ಮಂದಿ ವರ್ತಕರು ಬರುತ್ತಾರೆ. ನಮ್ಮ ಊರು ಸೌಹಾರ್ದಕ್ಕೆ ಹೆಸರಾದುದು ಎಂದು ಇನ್ಸ್‌ಪೆಕ್ಟರ್ ಹೇಳುತ್ತಾರೆ. ಹೌದೆಂದು ಎಲ್ಲರೂ ತಲೆಯಾಡಿಸುತ್ತಾರೆ. ಕಿಡಿಗೇಡಿಗಳ ಮೇಲೆ ಕಠಿಣ ಕ್ರಮ ಎಂಬ ಎಚ್ಚರಿಕೆಯೂ ಆಗುತ್ತದೆ. ಚಹಾ, ಬಿಸ್ಕತ್ತು, ಒಂದು ಫೋಟೊ. ಮರುದಿನ ಪತ್ರಿಕೆಯ ಒಳಪುಟದಲ್ಲಿ ಎರಡು ಕಾಲಮಿನ ಸುದ್ದಿ. ಅಲ್ಲಿಗೆ ಪೊಲೀಸರು ಮತ್ತು ಜನರ ನಡುವಿನ ಸಂವಾದ ಮುಗಿಯಿತು. ಮುಂದಿನ ಹಬ್ಬದ ತನಕ ರಜೆ.

ಈ ಸಭೆಗಳಿಂದ ಏನೂ ಪ್ರಯೋಜನವಿಲ್ಲ ಎಂದರೆ ಅನ್ಯಾಯದ ಮಾತಾಗುತ್ತದೆ. ಮೆರವಣಿಗೆ ಯಾವ ರಸ್ತೆಯಲ್ಲಿ ಹೋಗಬೇಕು, ಧ್ವನಿವರ್ಧಕ ಎಷ್ಟು ಹೊತ್ತಿಗೆ ನಿಲ್ಲಬೇಕು ಎಂಬುದು ಅಲ್ಲಿ ತೀರ್ಮಾನವಾಗುತ್ತದೆ. ಆದರೆ ಆ ಕೋಣೆಯಲ್ಲಿ ಕುಳಿತವರನ್ನೊಮ್ಮೆ ಎಣಿಸಿ ನೋಡಿ. ಮೆರವಣಿಗೆಯ ದಿನ ಬೀದಿಯಲ್ಲಿ ಎದುರುಬದುರು ನಿಲ್ಲುವವರು ಇಬ್ಬರು: ಹದಿನೆಂಟರಿಂದ ಇಪ್ಪತ್ತೈದರ ಪ್ರಾಯದ ಯುವಕ ಮತ್ತು ಪೊಲೀಸ್ ಪೇದೆ. ಯುವಕನಿಗೆ ಆಹ್ವಾನವೇ ಇಲ್ಲ. ಪೇದೆ ಇದ್ದಾನೆ, ಬಾಗಿಲ ಬಳಿ ನಿಂತಿದ್ದಾನೆ, ಇಲ್ಲವೇ ಚಹಾದ ತಟ್ಟೆ ಹಿಡಿದಿದ್ದಾನೆ. ಕಲ್ಲು ಬಿದ್ದರೆ ಅವನ ತಲೆಗೆ ಬೀಳುತ್ತದೆ, ಲಾಠಿ ಬಿದ್ದರೆ ಈ ಯುವಕನ ಬೆನ್ನಿಗೆ ಬೀಳುತ್ತದೆ. ಅಧ್ಯಕ್ಷರ ಬಿಳಿ ಅಂಗಿಯ ಇಸ್ತ್ರಿ ಮುದುಡುವುದಿಲ್ಲ. ಮಾತಾಡಬೇಕಾದವರಿಬ್ಬರೂ ಮೌನವಾಗಿದ್ದು, ಅವರ ಪರವಾಗಿ ಬೇರೆಯವರು ಮಾತಾಡುವ ಏರ್ಪಾಡಿಗೆ ಸಂವಾದ ಎಂದು ಹೆಸರಿಡುವುದು ಹೇಗೆ?

ಹಾಗಾದರೆ ನಮ್ಮ ಯುವಕ ಪೊಲೀಸರನ್ನು ಭೇಟಿಯಾಗುವುದು ಎಲ್ಲಿ? ಹೆಲ್ಮೆಟ್ ತಪಾಸಣೆಯಲ್ಲಿ. ರಾತ್ರಿ ಕೆಲಸ ಮುಗಿಸಿ ಬರುವಾಗ 'ಎಲ್ಲಿಂದ ಬರ್ತಾ ಇದ್ದಿ, ಹೆಸರೇನು' ಎಂಬ ಪ್ರಶ್ನೆಯಲ್ಲಿ. ಹೆಸರು ಹೇಳಿದ ಮೇಲೆ ಪ್ರಶ್ನೆಗಳ ಸಂಖ್ಯೆ ಹೆಚ್ಚಾಗುತ್ತದೆ ಎಂಬುದು ಅವನ ಅನುಭವ. ಪಾಸ್‌ಪೋರ್ಟಿನ ವೆರಿಫಿಕೇಶನ್ನಿನಲ್ಲಿ. ಊರಲ್ಲಿ ಎಲ್ಲೋ ಗಲಾಟೆಯಾದಾಗ ಮನೆಬಾಗಿಲಿಗೆ ಬರುವ ಜೀಪಿನಲ್ಲಿ. ಪೇದೆಯಾದರೋ ಯುವಕನನ್ನು ನೋಡುವುದು ಗುಂಪಿನಲ್ಲಿ, ಘೋಷಣೆ ಕೂಗುವಾಗ, ಓಡುವಾಗ. ಒಬ್ಬರಿಗೊಬ್ಬರು ಕಾಣಿಸಿಕೊಳ್ಳುವುದೇ ಅತ್ಯಂತ ಕೆಟ್ಟ ಗಳಿಗೆಯಲ್ಲಿ. ಉಳಿದದ್ದನ್ನು ವದಂತಿ ತುಂಬಿಕೊಡುತ್ತದೆ. 2019ರಲ್ಲಿ ಕಾಮನ್ ಕಾಸ್ ಸಂಸ್ಥೆ ಮತ್ತು ಲೋಕನೀತಿ ಸೇರಿ 21 ರಾಜ್ಯಗಳ ಸುಮಾರು 12 ಸಾವಿರ ಪೊಲೀಸ್ ಸಿಬ್ಬಂದಿಯನ್ನು ಮಾತಾಡಿಸಿ ಒಂದು ವರದಿ ಹೊರತಂದವು. ಮುಸ್ಲಿಮರು ಸಹಜವಾಗಿಯೇ ಅಪರಾಧದ ಕಡೆ ವಾಲುವವರು ಎಂಬ ಮಾತನ್ನು ಹೆಚ್ಚು ಕಡಿಮೆ ಒಪ್ಪಿದವರು ಅವರಲ್ಲಿ ಸುಮಾರು ಅರ್ಧದಷ್ಟು ಮಂದಿ. ಈ ಅಂಕಿಯನ್ನು ನಮ್ಮ ಭಾಷಣಕಾರರು ಆಗಾಗ ಉಲ್ಲೇಖಿಸುತ್ತಾರೆ. ಅದೇ ವರದಿಯಲ್ಲಿರುವ ಇನ್ನೊಂದು ಅಂಕಿಯನ್ನು ಯಾರೂ ಹೇಳುವುದಿಲ್ಲ: ಆ ಸಿಬ್ಬಂದಿ ದಿನಕ್ಕೆ ಸರಾಸರಿ 14 ಗಂಟೆ ದುಡಿಯುತ್ತಾರೆ. ಹದಿನಾಲ್ಕು ಗಂಟೆ ನಿಂತ ಮನುಷ್ಯನ ತಲೆಯಲ್ಲಿ ಪೂರ್ವಗ್ರಹವೂ ತುಂಬಿದ್ದರೆ ರಾತ್ರಿ ಹನ್ನೊಂದಕ್ಕೆ ಅವನೆದುರು ಬೈಕ್ ನಿಲ್ಲಿಸುವ ಹುಡುಗನ ಗತಿಯೇನು?

ಮಾತಿನಿಂದ ಇದೆಲ್ಲ ಬದಲಾಗುತ್ತದೆಯೇ ಎಂದು ಕೇಳುವವರಿಗೆ ಮಹಾರಾಷ್ಟ್ರದ ಭಿವಂಡಿಯನ್ನು ತೋರಿಸಬೇಕು. ಒಮ್ಮೆ ಬದಲಾಗಿತ್ತು ಎಂಬುದಕ್ಕೂ, ಬದಲಾದದ್ದು ಹಾಗೇ ಉಳಿಯುವುದಿಲ್ಲ ಎಂಬುದಕ್ಕೂ ಅದೇ ಊರು ಸಾಕ್ಷಿ.

ಭಿವಂಡಿ ಮುಂಬೈಯ ಪಕ್ಕದ ವಿದ್ಯುತ್ ಮಗ್ಗಗಳ ಊರು. ಉತ್ತರ ಪ್ರದೇಶದಿಂದ ಬಂದ ಮುಸ್ಲಿಮ್ ನೇಕಾರರು, ತೆಲುಗು ನಾಡಿನಿಂದ ಬಂದ ಪದ್ಮಶಾಲಿಗಳು, ಸ್ಥಳೀಯ ಮರಾಠಿಗರು ಒತ್ತೊತ್ತಾಗಿ ಬದುಕುವ ಊರು. 1970ರ ಮೇ 7ರಂದು ಶಿವಜಯಂತಿಯ ಮೆರವಣಿಗೆಯೊಂದಿಗೆ ಅಲ್ಲಿ ಭೀಕರ ಗಲಭೆ ಆರಂಭವಾಯಿತು. ಅದರ ವಿಚಾರಣೆ ನಡೆಸಿದ ನ್ಯಾಯಮೂರ್ತಿ ಮದನ್ ಆಯೋಗ ಪೊಲೀಸರ ಪಕ್ಷಪಾತವನ್ನು ಮುಚ್ಚಿಡದೆ ಬರೆಯಿತು. ವರದಿ ಕಪಾಟು ಸೇರಿತು. 1984ರ ಮೇ ತಿಂಗಳಲ್ಲಿ ಮತ್ತೆ ಊರು ಉರಿಯಿತು. ಭಿವಂಡಿ ಎಂಬ ಹೆಸರೇ ಗಲಭೆಗೆ ಪರ್ಯಾಯಪದವಾಗಿದ್ದ ಆ ಕಾಲದಲ್ಲಿ, 1988ರಲ್ಲಿ ಸುರೇಶ್ ಖೋಪಡೆ ಎಂಬ ಅಧಿಕಾರಿ ಡಿಸಿಪಿಯಾಗಿ ಅಲ್ಲಿಗೆ ಬಂದರು.

ಅವರೂ ಕಮಿಟಿಗಳನ್ನೇ ಮಾಡಿದರು. ಕಮಿಟಿ ಮಾಡುವುದರಲ್ಲಿ ಏನು ಹೆಚ್ಚುಗಾರಿಕೆ, ನಮ್ಮಲ್ಲೂ ಉಂಟಲ್ಲ ಎನ್ನಬಹುದು. ವ್ಯತ್ಯಾಸ ಇಲ್ಲಿದೆ: ಊರಿಗೆಲ್ಲ ಒಂದು ದೊಡ್ಡ ಶಾಂತಿ ಸಮಿತಿಯ ಬದಲು ಅವರು ಕೇರಿಗೊಂದರಂತೆ ಸುಮಾರು ಎಪ್ಪತ್ತು ಮೊಹಲ್ಲಾ ಸಮಿತಿ ರಚಿಸಿದರು. ಮುಖಂಡರನ್ನು ಬದಿಗಿಟ್ಟು ಸಾಮಾನ್ಯ ಜನರನ್ನು ಕರೆದರು. ಎರಡೂ ಸಮುದಾಯದವರು ಒಂದೇ ಸಮಿತಿಯಲ್ಲಿ ಕೂರಬೇಕಿತ್ತು. ಪೊಲೀಸರ ಕಡೆಯಿಂದ ಬಂದವರು ಆ ಕೇರಿಯಲ್ಲಿ ದಿನಾ ಓಡಾಡುವ ಕೆಳಹಂತದ ಸಿಬ್ಬಂದಿ. ಗಲಭೆಯ ಭೀತಿ ಇದ್ದಾಗ ಮಾತ್ರವಲ್ಲ, ಏನೂ ಇಲ್ಲದ ದಿನಗಳಲ್ಲೂ ಸಭೆ ಸೇರುತ್ತಿತ್ತು. ಏನೂ ಇಲ್ಲದ ದಿನ ಏನು ಮಾತಾಡುತ್ತಾರೆ? ನಲ್ಲಿಯ ಜಗಳ, ಮಕ್ಕಳ ಜಗಳ, ಚರಂಡಿ. ಇಂಥ ಪುಡಿ ಮಾತುಗಳಲ್ಲೇ ಪೇದೆಗೆ ಕೇರಿಯ ಹುಡುಗರ ಹೆಸರು ತಿಳಿಯುತ್ತದೆ, ಹುಡುಗರಿಗೆ ಪೇದೆಯ ಊರು ಯಾವುದೆಂದು ತಿಳಿಯುತ್ತದೆ.

1992ರ ಡಿಸೆಂಬರಿನಲ್ಲಿ ಬಾಬರಿ ಮಸೀದಿ ಧ್ವಂಸವಾದಾಗ ಮುಂಬೈ ಹೊತ್ತಿ ಉರಿಯಿತು. ಆ ಡಿಸೆಂಬರ್ ಮತ್ತು ಮರು ಜನವರಿಯಲ್ಲಿ ಸತ್ತವರು 900 ಮಂದಿ ಎಂದು ಶ್ರೀಕೃಷ್ಣ ಆಯೋಗ ಲೆಕ್ಕ ಕೊಟ್ಟಿದೆ. ಅವರಲ್ಲಿ 575 ಮಂದಿ ಮುಸ್ಲಿಮರು, 275 ಮಂದಿ ಹಿಂದೂಗಳು. ಎಲ್ಲರಿಗಿಂತ ಮೊದಲು ಉರಿಯಬೇಕಿದ್ದ ಭಿವಂಡಿ ಉರಿಯಲಿಲ್ಲ. ಮುಂಬೈ ಏಕೆ ಉರಿಯಿತು, ಭಿವಂಡಿ ಏಕೆ ಉರಿಯಲಿಲ್ಲ ಎಂಬ ಅರ್ಥದ ಹೆಸರಿಟ್ಟು ಖೋಪಡೆಯವರು ಮುಂದೆ ಪುಸ್ತಕವನ್ನೇ ಬರೆದರು. ಶಾಂತಿಯ ಕೀರ್ತಿಯೆಲ್ಲ ಒಬ್ಬ ಅಧಿಕಾರಿಗೆ ಸಲ್ಲಬೇಕೆಂದಿಲ್ಲ. ಎರಡು ಗಲಭೆಗಳಲ್ಲಿ ಮಗ್ಗ ಕಳಕೊಂಡವರಿಗೆ ಮೂರನೆಯದು ಬೇಡವೂ ಆಗಿದ್ದಿರಬಹುದು. ಆದರೆ ಬೇಡ ಎನ್ನುವವರಿಗೆ ಬೇಡ ಎಂದು ಕೂಡಿ ಹೇಳಲು ಒಂದು ಜಾಗ ಬೇಕಲ್ಲ? ಆ ಜಾಗ ಅಲ್ಲಿತ್ತು.

ಕತೆಯನ್ನು ಇಲ್ಲಿಗೇ ನಿಲ್ಲಿಸಿಬಿಡುವವರು ಬಹಳ ಮಂದಿ. ಮುಂದಿನದು ಕಹಿ. 2006ರ ಜುಲೈಯಲ್ಲಿ ಅದೇ ಭಿವಂಡಿಯಲ್ಲಿ ಕಬರಸ್ಥಾನದ ಬಳಿಯ ಜಾಗವೊಂದರಲ್ಲಿ ಪೊಲೀಸ್ ಠಾಣೆ ಕಟ್ಟುವ ವಿಚಾರವಾಗಿ ತಕರಾರು ಎದ್ದಿತು. ಜನ ಸೇರಿದರು, ಕಲ್ಲು ಬಿತ್ತು, ಗೋಲಿಬಾರಾಯಿತು. ಗುಂಡಿಗೆ ಇಬ್ಬರು ಸತ್ತರು. ಗುಂಪು ಇಬ್ಬರು ಪೇದೆಗಳನ್ನು ಕೊಂದುಹಾಕಿತು. ಮೊದಲ ಇಬ್ಬರ ಸಾವನ್ನು ಮಾತ್ರ ಹೇಳುವ ಜನ ಒಂದು ಕಡೆ ಇದ್ದಾರೆ, ಎರಡನೆಯ ಇಬ್ಬರ ಸಾವನ್ನು ಮಾತ್ರ ಹೇಳುವ ಜನ ಇನ್ನೊಂದು ಕಡೆ ಇದ್ದಾರೆ. ನಾಲ್ವರನ್ನೂ ಒಟ್ಟಿಗೆ ಎಣಿಸುವ ಧೈರ್ಯ ನಮಗೆ ಬೇಕು. ದೇಶವೇ ಉರಿಯುವಾಗ ತಣ್ಣಗಿದ್ದ ಊರು ಹದಿನಾಲ್ಕು ವರ್ಷಗಳ ಬಳಿಕ ಒಂದು ಕಟ್ಟಡಕ್ಕಾಗಿ ನಾಲ್ಕು ಹೆಣ ಬೀಳಿಸಿತು. ಅದೂ ಯಾವ ಕಟ್ಟಡ? ಜನರ ರಕ್ಷಣೆಗೆಂದು ಕಟ್ಟಹೊರಟ ಠಾಣೆ!

ವಿಶ್ವಾಸ ಎಂಬುದನ್ನು ಒಬ್ಬ ಒಳ್ಳೆಯ ಅಧಿಕಾರಿಯ ಜೇಬಿನಲ್ಲಿಟ್ಟರೆ ಅವರ ವರ್ಗಾವಣೆಯೊಂದಿಗೆ ಅದೂ ವರ್ಗವಾಗುತ್ತದೆ. ಪ್ರಕಾಶ್ ಸಿಂಗ್ ಪ್ರಕರಣದ ತೀರ್ಪಿನಲ್ಲಿ, ಅಂದರೆ ಭಿವಂಡಿಯ ಘಟನೆಯಾದ ಅದೇ 2006ರ ಸೆಪ್ಟೆಂಬರಿನಲ್ಲಿ, ಠಾಣಾಧಿಕಾರಿಗೆ ಕನಿಷ್ಠ ಎರಡು ವರ್ಷಗಳ ಅವಧಿ ಬೇಕೆಂದು ಸುಪ್ರೀಮ್ ಕೋರ್ಟ್ ಹೇಳಿತು. ಶಾಸಕರ ಶಿಫಾರಸು ಪತ್ರ ಹಿಡಿದು ಇನ್ಸ್‌ಪೆಕ್ಟರುಗಳು ಬಂದು ಹೋಗುವ ನಾಡಿನಲ್ಲಿ ಯಾವ ಹುಡುಗ ಯಾರೊಂದಿಗೆ ಸಂವಾದ ನಡೆಸಬೇಕು? ಅವನು ಒಬ್ಬರ ಹೆಸರು ಕಲಿಯುವಷ್ಟರಲ್ಲಿ ಇನ್ನೊಬ್ಬರು ಬಂದಿರುತ್ತಾರೆ.

ನಮ್ಮ ಕರ್ನಾಟಕಕ್ಕೆ ಬರೋಣ. 2020ರ ಆಗಸ್ಟ್ 11ರ ರಾತ್ರಿ ಬೆಂಗಳೂರಿನ ಡಿ.ಜೆ. ಹಳ್ಳಿ ಠಾಣೆಯ ಮುಂದೆ ಜನ ಸೇರಿದ್ದು ಪ್ರವಾದಿಯವರನ್ನು ನಿಂದಿಸಿದ ಒಂದು ಫೇಸ್‌ಬುಕ್ ಬರಹದ ವಿರುದ್ಧ ಕೇಸು ದಾಖಲಿಸಿ ಎಂದು. ಬೇಡಿಕೆ ನ್ಯಾಯವಾದದ್ದೇ. ಗಂಭೀರ ಅಪರಾಧದ ದೂರು ಬಂದರೆ ಎಫ್‌ಐಆರ್ ದಾಖಲಿಸಲೇಬೇಕು ಎಂದು 2013ರಲ್ಲೇ ಲಲಿತಾ ಕುಮಾರಿ ಪ್ರಕರಣದಲ್ಲಿ ಸುಪ್ರೀಮ್ ಕೋರ್ಟಿನ ಸಂವಿಧಾನ ಪೀಠ ಹೇಳಿಯಾಗಿದೆ. ಆದರೆ ಆ ರಾತ್ರಿ ಏನಾಯಿತು? ವಾಹನಗಳು ಸುಟ್ಟವು, ಶಾಸಕರ ಮನೆಗೆ ಬೆಂಕಿ ಬಿತ್ತು, ಠಾಣೆಯ ಮೇಲೆ ದಾಳಿಯಾಯಿತು, ಪೊಲೀಸರ ಗುಂಡಿಗೆ ಮೂವರು ಬಲಿಯಾದರು. ನೂರಾರು ಯುವಕರು ಜೈಲು ಸೇರಿದರು. ಅನೇಕರ ಮೇಲೆ ಯುಎಪಿಎ ಬಿತ್ತು. ಅವರಲ್ಲಿ ಬೆಂಕಿ ಹಚ್ಚಿದವರೂ ಇದ್ದರು, ನೋಡಲು ಹೋದವರೂ ಇದ್ದರು ಎಂದು ಮನೆಯವರು ಗೋಗರೆದರು. ಪ್ರವಾದಿಯವರ ಗೌರವ ಕಾಪಾಡಲು ಹೊರಟವರು ನೆರೆಯವನ ಬೈಕು ಸುಟ್ಟದ್ದನ್ನು ಪ್ರವಾದಿಯವರ ಯಾವ ಬೋಧನೆಯೂ ಸಮರ್ಥಿಸದು. ಇದನ್ನು ನಾವೇ ಹೇಳಬೇಕು, ಬೇರೆಯವರು ಹೇಳಿದ ಮೇಲೆ ಒಪ್ಪಿಕೊಳ್ಳುವುದಲ್ಲ.

ಅದೇ ರಾತ್ರಿ ಅದೇ ಬೀದಿಗಳಲ್ಲಿ ಕೆಲವು ಮುಸ್ಲಿಮ್ ಯುವಕರು ಕೈಕೈ ಹಿಡಿದು ಹನುಮಂತನ ಗುಡಿಯ ಸುತ್ತ ಸರಪಳಿ ಕಟ್ಟಿ ನಿಂತರು. ದೇಶವೆಲ್ಲ ಆ ವೀಡಿಯೊ ನೋಡಿತು. ನನ್ನ ಪ್ರಶ್ನೆ ಇಷ್ಟೆ: ಸುಟ್ಟವರ ಹೆಸರುಗಳನ್ನು ಠಾಣೆ ಸಿಸಿಟಿವಿ ನೋಡಿ ಹುಡುಕಿತು, ನಿಂತವರ ಹೆಸರುಗಳನ್ನು ಯಾರಾದರೂ ಹುಡುಕಿದರೇ? ಆ ಹುಡುಗರಲ್ಲಿ ನಾಲ್ವರ ಫೋನ್ ನಂಬರು ಆ ಸಂಜೆ ಬೀಟ್ ಪೇದೆಯ ಬಳಿ ಇದ್ದು, ಅವರಿಗೆ ಪೇದೆಯ ಮಾತಿನಲ್ಲಿ ನಂಬಿಕೆಯಿದ್ದು, 'ಕೇಸು ದಾಖಲಾಗುತ್ತಿದೆ, ಪ್ರತಿ ನಿಮಗೇ ಕೊಡುತ್ತೇವೆ, ಜನರಿಗೆ ತೋರಿಸಿ' ಎಂಬ ಒಂದು ಕರೆ ಹೋಗಿದ್ದರೆ? ಆಗ ಏನಾಗುತ್ತಿತ್ತೋ ಹೇಳಲಾಗದು. ಆದರೆ ಅಂಥ ಕರೆ ಮಾಡಲು ನಂಬರು ಮೊದಲೇ ಬೇಕು, ನಂಬಿಕೆ ಅದಕ್ಕೂ ಮೊದಲು ಬೇಕು. ಬೆಂಕಿ ಬಿದ್ದ ಮೇಲೆ ಎರಡೂ ಸಿಗುವುದಿಲ್ಲ.

ಕರಾವಳಿಯ ಕತೆ ಬೇರೆ ಹೇಳಬೇಕೆ? 2019ರ ಡಿಸೆಂಬರ್ 19ರಂದು ಮಂಗಳೂರಿನಲ್ಲಿ ಪೌರತ್ವ ತಿದ್ದುಪಡಿ ಕಾಯ್ದೆಯ ವಿರುದ್ಧದ ಪ್ರತಿಭಟನೆಯ ವೇಳೆ ಗೋಲಿಬಾರಿಗೆ ಇಬ್ಬರು ಸತ್ತರು. ಆಮೇಲಿನ ವರ್ಷಗಳಲ್ಲಿ ಸರಣಿ ಕೊಲೆಗಳನ್ನು ಜಿಲ್ಲೆ ಕಂಡಿತು. ಸತ್ತವರಲ್ಲಿ ಎರಡೂ ಧರ್ಮದ ಹುಡುಗರಿದ್ದರು. 2025ರಲ್ಲಿ ಸರಕಾರ ಕೋಮು ಹಿಂಸೆ ತಡೆಗೆ ವಿಶೇಷ ಕಾರ್ಯಪಡೆಯನ್ನೇ ಸ್ಥಾಪಿಸಿತು. ಪಡೆ ಬೇಕು, ಬೇಡವೆನ್ನುವುದಿಲ್ಲ. ಆದರೆ ಈ ಜಿಲ್ಲೆಯ ಹುಡುಗಿಯರನ್ನು ಕೇಳಿ ನೋಡಿ. ಸಹಪಾಠಿಯೊಂದಿಗೆ ಬಸ್ಸಿನಲ್ಲಿ ಕುಳಿತದ್ದಕ್ಕೆ ಅಡ್ಡಗಟ್ಟುವ ಪುಂಡರು ಕೇಸರಿ ಶಾಲಿನವರೂ ಇದ್ದಾರೆ, ಬುರ್ಖಾ ಕಂಡೊಡನೆ ವೀಡಿಯೊ ಮಾಡುವ ನಮ್ಮವರೂ ಇದ್ದಾರೆ. ಠಾಣೆಗೆ ಹೋದರೆ ಮೊದಲು ಬರುವುದು ಹುಡುಗಿಯ ತಂದೆಗೆ ಫೋನು, ಆಮೇಲೆ ಬುದ್ಧಿವಾದ. ದೂರುದಾರಳನ್ನೇ ತಪ್ಪಿತಸ್ಥೆಯಂತೆ ಕೂರಿಸುವ ಠಾಣೆಯನ್ನು ಅವಳು ಎರಡನೆಯ ಸಲ ಹತ್ತುವುದಿಲ್ಲ. ಯುವಜನ ಎಂದೊಡನೆ ನಮ್ಮ ಕಣ್ಣಿಗೆ ಬರುವುದು ಬೈಕಿನ ಹುಡುಗ ಮಾತ್ರ; ಸಂವಾದದ ಕುರ್ಚಿಗಳಲ್ಲಿ ಅರ್ಧ ಅವಳಿಗೆ ಸೇರಬೇಕಾದದ್ದು.

ಇಲಾಖೆ ಕೈಕಟ್ಟಿ ಕುಳಿತಿದೆ ಎಂದಲ್ಲ. ಕೇರಳದಲ್ಲಿ 2010ರಲ್ಲಿ ಆರಂಭವಾದ ಸ್ಟೂಡೆಂಟ್ ಪೊಲೀಸ್ ಕೆಡೆಟ್ ಯೋಜನೆ 2018ರಲ್ಲಿ ದೇಶಕ್ಕೆಲ್ಲ ಬಂತು. ಶಾಲಾ ಮಕ್ಕಳು ಸಮವಸ್ತ್ರ ತೊಟ್ಟು ಕವಾಯತು ಮಾಡುವುದು ಚೆನ್ನ. ಆದರೆ ಶಾಲೆಯಲ್ಲಿ ಉಳಿದ ಮಗುವಿಗೆ ಅಷ್ಟೇನೂ ಅಪಾಯವಿಲ್ಲ. ಎಂಟನೆಯ ತರಗತಿಗೇ ಶಾಲೆ ಬಿಟ್ಟು ಗ್ಯಾರೇಜು, ಮೀನುಬಂದರು, ಡೆಲಿವರಿ ಕೆಲಸ ಸೇರಿದವನನ್ನು ಯಾವ ಕೆಡೆಟ್ ಯೋಜನೆ ಮುಟ್ಟುತ್ತದೆ? 2025ರ ಜುಲೈಯಲ್ಲಿ 'ಮನೆ ಮನೆಗೆ ಪೊಲೀಸ್' ಎಂಬ ಕಾರ್ಯಕ್ರಮವೂ ರಾಜ್ಯದಲ್ಲಿ ಶುರುವಾಯಿತು. ಒಳ್ಳೆಯ ಯೋಚನೆ. ಆದರೆ ಖಾಕಿಯವರು ಪುಸ್ತಕ ಹಿಡಿದು ಬಾಗಿಲು ತಟ್ಟಿದಾಗ ಕೆಲವು ಕೇರಿಗಳಲ್ಲಿ ಮನೆಯೊಡತಿಯ ಎದೆ ಧಸಕ್ಕೆನ್ನುತ್ತದೆ. ಬರೆದುಕೊಂಡದ್ದು ಎಲ್ಲಿಗೆ ಹೋಗುತ್ತದೆ? ನಾಳೆ ಎಲ್ಲಾದರೂ ಗಲಾಟೆಯಾದರೆ ಇದೇ ಪಟ್ಟಿ ಹಿಡಿದು ಬರುತ್ತಾರೆಯೇ? ಈ ಭಯಕ್ಕೆ ಉತ್ತರ ಕೊಡದೆ ಎಷ್ಟು ಬಾಗಿಲು ತಟ್ಟಿದರೂ ಅದು ಭೇಟಿಯಲ್ಲ, ಗಣತಿ. ಅಂದಹಾಗೆ, ಅದೇ ವರ್ಷ ಅಕ್ಟೋಬರಿನಲ್ಲಿ ಪೇದೆಗಳ ಹಳೆಯ ಸ್ಲೌಚ್ ಹ್ಯಾಟ್ ಹೋಗಿ ಹೊಸ ಪೀಕ್ ಕ್ಯಾಪ್ ಬಂತು. ಟೋಪಿ ಬದಲಾಯಿಸುವುದು ಸುಲಭ. ಟೋಪಿ ಹಾಕಿಸಿಕೊಂಡ ಭಾವನೆ ಜನರಲ್ಲಿ ಹೋಗಬೇಕಾದರೆ ಸ್ವಲ್ಪ ಹೆಚ್ಚು ಕೆಲಸವಿದೆ.

ಪೇದೆಯ ಮಾತನ್ನಾದರೂ ಕೇಳುವವರು ಯಾರು? 2016ರ ಜೂನ್ 4ರಂದು ಕರ್ನಾಟಕದ ಪೊಲೀಸರು ಸಾಮೂಹಿಕ ರಜೆ ಹಾಕಲು ಹೊರಟಿದ್ದರು. ಸಂಬಳ ಕಡಿಮೆ, ರಜೆ ಇಲ್ಲ, ಮೇಲಧಿಕಾರಿಗಳ ಕಿರುಕುಳ ತಾಳಲಾರೆವು ಎಂಬುದು ಅವರ ದೂರು. ಸರಕಾರ ಎಸ್ಮಾ ತೋರಿಸಿತು. ಮುಂದಾಳಿನ ಮೇಲೆ ರಾಜದ್ರೋಹದ ಕೇಸು ಬಿತ್ತು. ರಜೆ ಕೇಳಿದ ಪೊಲೀಸನಿಗೂ ರಾಜದ್ರೋಹ, ಘೋಷಣೆ ಕೂಗಿದ ವಿದ್ಯಾರ್ಥಿಗೂ ರಾಜದ್ರೋಹ! ಇಬ್ಬರನ್ನೂ ಒಂದೇ ಬೆತ್ತದಿಂದ ಹೊಡೆದ ವ್ಯವಸ್ಥೆಯಲ್ಲಿ ಅವರಿಬ್ಬರಿಗೆ ಪರಸ್ಪರ ಹೇಳಿಕೊಳ್ಳಲು ಎಷ್ಟೊಂದು ಇತ್ತು! ತನ್ನ ಮೇಲಧಿಕಾರಿಯ ಎದುರು ಬಾಯಿ ತೆರೆಯಲಾಗದವನು ಬೀದಿಯಲ್ಲಿ ತನಗಿಂತ ಕೆಳಗಿನವರನ್ನು ಹುಡುಕುತ್ತಾನೆ.

ಇನ್ನು ನಮ್ಮವರ ಮಾತು. ಸಂವಾದ ಎಂದೊಡನೆ ಮೂಗು ಮುರಿಯುವ ಗೆಳೆಯರಿದ್ದಾರೆ. ಮೊದಲು ನ್ಯಾಯ ಕೊಡಲಿ, ಮಾತು ಆಮೇಲೆ ಎನ್ನುತ್ತಾರೆ. ಅವರ ಸಿಟ್ಟಿಗೆ ಕಾರಣವುಂಟು. ಶ್ರೀಕೃಷ್ಣ ಆಯೋಗ 31 ಪೊಲೀಸರ ಹೆಸರು ಹೇಳಿತ್ತು. ಅವರ ಗತಿ ಏನಾಯಿತು ಎಂದು ಕೇಳಿದರೆ ಉತ್ತರಿಸುವವರ ತಲೆ ತಗ್ಗುತ್ತದೆ. ಹೊಣೆಗಾರಿಕೆ ಇಲ್ಲದ ಸಂವಾದ ಚಹಾಕೂಟವೇ ಸರಿ. ಆದರೆ ಹೊಣೆ ಕೇಳುವುದಕ್ಕೂ ಕೂರಬೇಕಲ್ಲ, ಎದುರಿಗೆ! ಕರ್ನಾಟಕದಲ್ಲಿ ಪೊಲೀಸರ ವಿರುದ್ಧ ದೂರು ಕೊಡಲು ರಾಜ್ಯ ಮಟ್ಟದಲ್ಲೂ ಜಿಲ್ಲಾ ಮಟ್ಟದಲ್ಲೂ ದೂರು ಪ್ರಾಧಿಕಾರ ಇರಬೇಕೆಂದು 2012ರ ತಿದ್ದುಪಡಿ ಹೇಳುತ್ತದೆ. ಇದು ನಮ್ಮ ಎಷ್ಟು ಮಂದಿ ಯುವಕರಿಗೆ ಗೊತ್ತು? ಜುಮಾದ ಬಳಿಕ ಹತ್ತು ನಿಮಿಷ ಇದನ್ನು ಹೇಳಲು ಯಾವ ಕಮಿಟಿಗೆ ಪುರುಸೊತ್ತಾಯಿತು?

ಪುರುಸೊತ್ತಿಲ್ಲ ಎಂಬುದಕ್ಕಿಂತ ಮನಸ್ಸಿಲ್ಲ ಎಂದರೆ ಸರಿ. ಠಾಣೆಗೆ ಹೋಗಬೇಕಾದರೆ ಒಬ್ಬ ಲೀಡರ್ ಜೊತೆಗಿರಬೇಕು ಎಂಬ ಭಯದ ಮೇಲೆಯೇ ಕೆಲವರ ಲೀಡರಿಕೆ ನಿಂತಿದೆ. ಮಗನನ್ನು ಬಿಡಿಸಿಕೊಡಿ ಎಂದು ಬಡ ತಾಯಿಯೊಬ್ಬಳು ಮನೆಯಂಗಳಕ್ಕೆ ಬಂದು ನಿಲ್ಲುವುದರಲ್ಲಿ ಅವರಿಗೊಂದು ಗತ್ತು ಇದೆ. ಹುಡುಗ ನೇರವಾಗಿ ಪೇದೆಯೊಂದಿಗೆ ಮಾತಾಡಲು ಕಲಿತರೆ, ಹುಡುಗಿ ತಾನೇ ದೂರು ಬರೆದುಕೊಟ್ಟು ರಶೀದಿ ಪಡೆದರೆ ಇವರ ಮಧ್ಯಸ್ಥಿಕೆ ಯಾರಿಗೆ ಬೇಕು? ಪೊಲೀಸರಿಗೂ ಈ ಏರ್ಪಾಡು ಅನುಕೂಲವೇ. ಇನ್ನೂರು ಮಂದಿಯೊಂದಿಗೆ ಮಾತಾಡುವುದಕ್ಕಿಂತ ಒಬ್ಬರೊಂದಿಗೆ ಮುಗಿಸುವುದು ಹಗುರ. ಶಾಂತಿಸಭೆಯ ಚಹಾ ಇಷ್ಟು ವರ್ಷ ಬಿಸಿಯಾಗಿ ಉಳಿದಿರುವ ಗುಟ್ಟು ಇದು.

ಬೇಕಾದದ್ದಕ್ಕೆ ಹೊಸ ಕಾಯ್ದೆಯೂ ಬೇಡ, ದೊಡ್ಡ ಅನುದಾನವೂ ಬೇಡ. ತಿಂಗಳಿಗೊಮ್ಮೆ, ಠಾಣೆಯ ಹೊರಗೆ, ಶಾಲೆಯ ಕೋಣೆಯಲ್ಲೋ ಗ್ರಂಥಾಲಯದಲ್ಲೋ ಬೀಟ್ ಪೇದೆಗಳು ಮತ್ತು ಕೇರಿಯ ಹುಡುಗ ಹುಡುಗಿಯರು ಕೂರಲಿ. ಇನ್ಸ್‌ಪೆಕ್ಟರ್ ಬರಲಿ, ಭಾಷಣ ಬೇಡ. ಬಂದವರ ಹೆಸರು, ನಂಬರು ಯಾವ ರಿಜಿಸ್ಟರಿಗೂ ಹೋಗುವುದಿಲ್ಲ ಎಂದು ಎಸ್ಪಿಯವರು ಲಿಖಿತವಾಗಿ ಹೇಳಲಿ. ನಂಬರು ಕೊಡುವವರು ತಾವಾಗಿ ಕೊಡಲಿ. ಹೋದ ತಿಂಗಳು ಎತ್ತಿದ ದೂರಿಗೆ ಈ ತಿಂಗಳು ಉತ್ತರ ಕೊಟ್ಟ ಬಳಿಕವೇ ಹೊಸ ಮಾತು ಶುರುವಾಗಲಿ. ಪೇದೆಗೂ ದೂರುಗಳಿರುತ್ತವೆ. ಕುಡಿದು ಬೈಕ್ ಓಡಿಸುವವರ ಬಗ್ಗೆ, ಗಾಂಜಾ ಮಾರುವವನನ್ನು ಗೊತ್ತಿದ್ದೂ ಮುಚ್ಚಿಡುವ ಕೇರಿಯ ಬಗ್ಗೆ ಅವನು ಕೇಳುವ ಪ್ರಶ್ನೆಗೆ ಹುಡುಗರು ಉತ್ತರಿಸಬೇಕಾಗುತ್ತದೆ. ಹಿತವಾದ ಮಾತುಗಳೇ ಆಗುತ್ತವೆ ಎಂದು ಯಾರೂ ಭಾವಿಸಬಾರದು. ಮೊದಲ ಮೂರು ಸಭೆ ಜಗಳದಲ್ಲೇ ಮುಗಿದೀತು. ನಾಲ್ಕನೆಯದಕ್ಕೂ ಅದೇ ಪೇದೆ, ಅದೇ ಹುಡುಗರು ಬಂದರೆ ಸಾಕು.

ಹಬ್ಬಕ್ಕೆ ಮುನ್ನ ಠಾಣೆಯಿಂದ ಕರೆ ಬಂದಾಗ ಮಸೀದಿ ಕಮಿಟಿಯ ಒಬ್ಬ ಅಧ್ಯಕ್ಷರಾದರೂ 'ಈ ಸಲ ನಾನು ಬರುವುದಿಲ್ಲ, ನಮ್ಮ ಕೇರಿಯ ಇಬ್ಬರು ಹುಡುಗರು, ಒಬ್ಬ ಹುಡುಗಿ ಬರುತ್ತಾರೆ, ಅವರಿಗೆ ಕುರ್ಚಿ ಹಾಕಿಸಿ. ನಿಮ್ಮ ಬೀಟಿನವರಿಗೂ ಒಂದು ಹಾಕಿಸಿ' ಎಂದು ಹೇಳಿದರೆ ಯಾವ ಇನ್ಸ್‌ಪೆಕ್ಟರ್ ಕಾರಣ ಕೊಟ್ಟು ನಿರಾಕರಿಸಬಲ್ಲರು?